ಮೊದಲ ಏರ್ ರೈಫಲ್: ಆರಿಸುವುದು ಹೇಗೆ, ಹತ್ತು ಮೀಟರ್ ಗುರಿಗೆ ಹೊಡೆಯುವುದು ಹೇಗೆ

ನಮ್ಮ ಕಡೆಯ ಬಹಳ ಮಂದಿಗೆ ಏರ್‌ಗನ್ನಿನ ಮೊದಲ ಪರಿಚಯ ಆಗುವುದು ಜಾತ್ರೆಯಲ್ಲಿ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲೋ ಬಳ್ಳಾರಿ ಕನಕದುರ್ಗಮ್ಮನ ಸಿಡಿಬಂಡಿಯ ದಿನವೋ ಸಾಲಾಗಿ ಬಲೂನು ಕಟ್ಟಿದ ಹಲಗೆಯ ಮುಂದೆ ನಿಂತು, ದುಡ್ಡು ಕೊಟ್ಟು, ಹತ್ತು ಹೊಡೆತ ಹೊಡೆದಿರುತ್ತೇವೆ. ಆ ಬಂದೂಕಿನ ಸೈಟ್ (ಗುರಿ ನೋಡುವ ಭಾಗ) ಅಲ್ಲಾಡುತ್ತಿರುತ್ತದೆ, ನಳಿಗೆಯ ಕೀಲು ಸಡಿಲವಾಗಿರುತ್ತದೆ, ಟ್ರಿಗರ್ ಒತ್ತಲು ಇಡೀ ಮುಂಗೈಯ ಬಲ ಬೇಕಾಗುತ್ತದೆ. ಹತ್ತರಲ್ಲಿ ಮೂರು ಬಲೂನು ಒಡೆದು, ‘ನನ್ನ ಕೈಗೆ ಗುರಿ ಇಲ್ಲ’ ಎಂದುಕೊಂಡು ಮನೆಗೆ ಬಂದವರು ಎಷ್ಟೋ ಜನ. ಅವರೆಲ್ಲರಿಗೂ ನಾನು ಹೇಳುವುದು ಒಂದೇ ಮಾತು: ಆ ತಪ್ಪು ಕೈಯದಲ್ಲ. ಪ್ರತಿ ಸಲವೂ ಒಂದೇ ರೀತಿ ನಡೆದುಕೊಳ್ಳುವ ರೈಫಲ್ ಅನ್ನು ನೀವು ಇನ್ನೂ ಹಿಡಿದಿಲ್ಲ, ಅಷ್ಟೆ.

ಗುಣಮಟ್ಟದ ರೈಫಲ್ ಎಂದರೆ ಜೋರಾಗಿ ಹೊಡೆಯುವುದಲ್ಲ. ಒಂದು ಪೆಲೆಟ್ (ಏರ್ ರೈಫಲಿನ ಸಣ್ಣ ಸೀಸದ ಗುಂಡು) ಹೋದ ದಾರಿಯಲ್ಲೇ ಮುಂದಿನದನ್ನೂ ಅದರ ಮುಂದಿನದನ್ನೂ ಕಳಿಸುವ ರೈಫಲ್ ಗುಣಮಟ್ಟದ್ದು. ಇದು ಅರ್ಥವಾಗಲು ನನಗೆ ಒಂದು ವರ್ಷ ಮತ್ತು ಒಂದು ರೈಫಲಿನ ಬೆಲೆ ಹಿಡಿಯಿತು. ಈ ಲೇಖನ ಓದಿದವರಿಗೆ ಅಷ್ಟು ಹಿಡಿಯಬಾರದು.

ಯಾತಕ್ಕಾಗಿ ಬೇಕು?

ಅಂಗಡಿಗೆ ಹೋಗುವ ಮೊದಲು ಇದನ್ನು ತೀರ್ಮಾನಿಸಿಕೊಳ್ಳಿ. ರೈಫಲ್ ಕೊಳ್ಳುವ ವಿಚಾರ ಕೇಳಿಕೊಂಡು ನನ್ನ ಬಳಿ ಬರುವ ಹತ್ತು ಜನರಲ್ಲಿ ನಾಲ್ಕೈದು ಮಂದಿ ತೋಟದವರು. ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ದಾಳಿಂಬೆಗೆ ಬೀಳುವ ಗಿಳಿಗಳ ಚಿಂತೆ; ಜೋಳ ಬೆಳೆಯುವವರಿಗೆ ತೆನೆಗೆ ಬರುವ ಹಕ್ಕಿಗಳ ಚಿಂತೆ. ಅವರ ನಷ್ಟ ನಿಜ, ಸಂಕಟವೂ ನಿಜ. ಆದರೆ ಏರ್ ರೈಫಲ್ ಅದಕ್ಕೆ ಮದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗಿಳಿಯನ್ನಾಗಲಿ ನವಿಲನ್ನಾಗಲಿ ಹೊಡೆಯುವುದು ಅಪರಾಧ. ಗಾಯಗೊಂಡ ಹಕ್ಕಿ ಎಲ್ಲೋ ಬೇಲಿಯಲ್ಲಿ ಬಿದ್ದು ಎರಡು ದಿನ ನರಳಿ ಸಾಯುತ್ತದೆ. ಉಳಿದ ಹಿಂಡು ಮರುದಿನ ಮತ್ತೆ ಬರುತ್ತದೆ. ಆ ದುಡ್ಡನ್ನು ಬಲೆಗೆ ಹಾಕಿ. ಸಂಡೂರು ತಾಲ್ಲೂಕಿನ ದರೋಜಿ ಕರಡಿಧಾಮದಂಥ ಅಭಯಾರಣ್ಯದೊಳಗಂತೂ ಅನುಮತಿ ಇಲ್ಲದೆ ಆಯುಧ ಒಯ್ಯುವುದೇ ಅಪರಾಧ. ‘ಇದು ಬರೀ ಗಾಳಿಬಂದೂಕು’ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ.

ಕಾಗದದ ಮೇಲಿನ ಕಪ್ಪು ವೃತ್ತಕ್ಕೆ ಹೊಡೆಯಲು ಬೇಕು ಎನ್ನುವವರು ಮುಂದೆ ಓದಿ.

ಕಾನೂನು ಹೇಳುವುದೇನು

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಎರಡು ಅಳತೆಗಳಿವೆ. ನಳಿಗೆಯ ಒಳವ್ಯಾಸ 4.5 ಮಿ.ಮೀ. (ಅಂದರೆ .177 ಇಂಚು) ಮೀರಬಾರದು, ನಳಿಗೆಯ ಬಾಯಲ್ಲಿ ಪೆಲೆಟ್ಟಿನ ಶಕ್ತಿ 20 ಜೂಲ್ ಮೀರಬಾರದು. ಇವೆರಡರ ಒಳಗಿರುವ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಯಾವುದಾದರೂ ಒಂದು ಮೀರಿದರೂ ಬೇಕು. 5.5 ಮಿ.ಮೀ.ನ ‘ಪಾಯಿಂಟ್ ಟೂ ಟೂ’ ಏರ್ ರೈಫಲ್ ತೋರಿಸಿ, ಇದಕ್ಕೂ ಏನೂ ಬೇಡ ಎಂದು ಯಾರಾದರೂ ಹೇಳಿದರೆ ಅವರ ಜೊತೆ ವ್ಯವಹಾರವೇ ಬೇಡ.

ಅಂಗಡಿಯವರು ಗುರುತಿನ ಚೀಟಿ, ವಿಳಾಸದ ದಾಖಲೆ ಕೇಳುತ್ತಾರೆ; ಕೊಡಿ. ರೈಫಲಿನ ಮೇಲಿನ ಕ್ರಮಸಂಖ್ಯೆ ಬಿಲ್ಲಿನಲ್ಲಿ ಬರೆದಿದೆಯೇ ಎಂದು ಅಲ್ಲೇ ನಿಂತು ತಾಳೆ ನೋಡಿ. ಮಗನಿಗೋ ಮಗಳಿಗೋ ಕೊಳ್ಳುತ್ತಿದ್ದರೂ ಬಿಲ್ಲು ಹಿರಿಯರ ಹೆಸರಿನಲ್ಲಿರಲಿ. ರೈಫಲನ್ನು ಎಲ್ಲಿಗೆ ಒಯ್ದರೂ ಖಾಲಿ ಮಾಡಿ, ಚೀಲದಲ್ಲಿಟ್ಟು, ಬಿಲ್ಲಿನ ನಕಲಿನೊಂದಿಗೆ ಒಯ್ಯಿರಿ. ದೂರದಿಂದ ನೋಡುವವರಿಗೆ ಏರ್ ರೈಫಲ್ಲಿಗೂ ನಿಜವಾದ ಬಂದೂಕಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಬೈಕಿನ ಹಿಂದೆ ಕೂತವನು ಅದನ್ನು ಹೆಗಲಿಗೆ ಹಾಕಿಕೊಂಡು ಬಳ್ಳಾರಿಯ ರಾಯಲ್ ಸರ್ಕಲ್ ದಾಟಿದರೆ ಜನ ಗಾಬರಿಯಾಗುವುದು ಸಹಜ. ವಿದೇಶದಿಂದ ನೇರವಾಗಿ ತರಿಸಿಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಬಿಡಿ. ಆಮದಿಗೆ ಬೇರೆಯೇ ಅನುಮತಿ ಬೇಕು.

ವೇಗದ ಮೋಹ

ನಾನು ಮೊದಲು ಕೊಂಡ ರೈಫಲಿನ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ‘ಸೆಕೆಂಡಿಗೆ 1,200 ಅಡಿ’ ಎಂದಿತ್ತು. ಮಾರಿದವರೂ ಅದನ್ನೇ ಹೊಗಳಿದರು, ನಾನೂ ಅದನ್ನೇ ನೋಡಿ ಕೊಂಡೆ. ಹತ್ತು ಮೀಟರ್ ದೂರದ ಕಾಗದದ ಮೇಲೆ ಐದು ಪೆಲೆಟ್ ಹೊಡೆದರೆ ಐದೂ ಐದು ದಿಕ್ಕಿಗೆ, ಅಂಗೈ ಅಗಲಕ್ಕೆ ಚದುರುತ್ತಿದ್ದವು. ಪ್ರತಿ ಹೊಡೆತಕ್ಕೂ ಎಳೆಯಬೇಕಾದ ಸ್ಪ್ರಿಂಗ್ ಎಷ್ಟು ಬಿರುಸಾಗಿತ್ತೆಂದರೆ ಇಪ್ಪತ್ತನೆಯ ಹೊಡೆತದ ಹೊತ್ತಿಗೆ ಭುಜ ಸೋತು ಕೈ ನಡುಗುತ್ತಿತ್ತು.

ಲೆಕ್ಕ ಹಾಕಿದರೆ ಈ ಮೋಹ ಬಿಟ್ಟುಹೋಗುತ್ತದೆ. ಸ್ಪರ್ಧೆಯಲ್ಲಿ ಬಳಸುವ ಸೀಸದ ಪೆಲೆಟ್ ಸುಮಾರು 0.53 ಗ್ರಾಂ ತೂಗುತ್ತದೆ. ಅದು ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ ಏಳೂವರೆ ಜೂಲ್‌ನ ಆಸುಪಾಸು. ಒಲಿಂಪಿಕ್ಸ್‌ನಲ್ಲಿ ಬಳಸುವ ಹತ್ತು ಮೀಟರ್ ರೈಫಲ್‌ಗಳ ಬಲವೂ ಹೆಚ್ಚುಕಡಿಮೆ ಇಷ್ಟೇ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಹೊಡೆತಕ್ಕೆ 10.8 ಗಳಿಸಿ, ಒಟ್ಟು 700.5 ಅಂಕಗಳೊಂದಿಗೆ ಭಾರತಕ್ಕೆ ಮೊಟ್ಟಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದರಲ್ಲ, ಆ ಸ್ಪರ್ಧೆ ನಡೆಯುವುದು ನಮ್ಮ ಕಾನೂನಿನ ಮಿತಿಯ ಅರ್ಧಕ್ಕಿಂತ ಕಡಿಮೆ ಬಲದಲ್ಲಿ. ಅದೇ ಪೆಲೆಟ್ 20 ಜೂಲ್ ಮುಟ್ಟಬೇಕಾದರೆ ಸೆಕೆಂಡಿಗೆ 275 ಮೀಟರ್, ಅಂದರೆ ಸುಮಾರು 900 ಅಡಿ ವೇಗ ಸಾಕು. 1,200 ಅಡಿ ಎಂದು ಬರೆಯಬೇಕಾದರೆ ಒಂದೋ ತೀರಾ ಹಗುರವಾದ ಪೆಲೆಟ್ ಹಾಕಿ ಅಳೆದಿರಬೇಕು, ಇಲ್ಲವೇ ರೈಫಲ್ ಕಾನೂನಿನ ಮಿತಿ ದಾಟಿರಬೇಕು. ಅದೂ ಅಲ್ಲದೆ ಅಷ್ಟು ವೇಗ ಶಬ್ದದ ವೇಗವನ್ನು ಮೀರುತ್ತದೆ. ಮತ್ತೆ ಅದರ ಕೆಳಗಿಳಿಯುವಾಗ ಪೆಲೆಟ್ ಗಾಳಿಯಲ್ಲಿ ತತ್ತರಿಸುತ್ತದೆ, ದಾರಿ ಬಿಡುತ್ತದೆ.

ಮೊದಲ ರೈಫಲ್ಲಿಗೆ ಸೆಕೆಂಡಿಗೆ 500ರಿಂದ 650 ಅಡಿ ಧಾರಾಳ. ಸ್ಪ್ರಿಂಗ್ ಮೆತ್ತಗಿದ್ದಷ್ಟೂ ಕೈ ದಣಿಯುವುದಿಲ್ಲ. ಕೈ ದಣಿಯದಿದ್ದರೆ ಹೆಚ್ಚು ಅಭ್ಯಾಸವಾಗುತ್ತದೆ.

ಯಾವ ಬಗೆ?

ಮೊದಲನೆಯದು ಸ್ಪ್ರಿಂಗ್ ರೈಫಲ್. ನಳಿಗೆಯನ್ನು ಮುರಿದಂತೆ ಬಾಗಿಸಿದರೆ ಒಳಗೆ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗ್ ಬಿಗಿಯಾಗುತ್ತದೆ. ಟ್ರಿಗರ್ ಒತ್ತಿದಾಗ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಅದುಮುತ್ತದೆ, ಆ ಗಾಳಿ ಪೆಲೆಟ್ಟನ್ನು ತಳ್ಳುತ್ತದೆ. ಬೇರೆ ಯಾವ ಸಾಮಗ್ರಿಯೂ ಬೇಡ, ಹೊಲಕ್ಕೆ ಒಯ್ದರೂ ನಡೆಯುತ್ತದೆ, ದೇಶೀ ರೈಫಲ್‌ಗಳು ಕೈಗೆಟಕುವ ಬೆಲೆಗೆ ಸಿಗುತ್ತವೆ. ತೊಡಕು ಒಂದೇ: ಭಾರದ ಪಿಸ್ಟನ್ ಓಡುವಾಗ ರೈಫಲ್ ಮೊದಲು ಹಿಂದಕ್ಕೆ, ಮರುಕ್ಷಣ ಮುಂದಕ್ಕೆ ಜಿಗಿಯುತ್ತದೆ, ಅದೂ ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ. ಆದ್ದರಿಂದ ಇದನ್ನು ಹಿಡಿಯುವುದನ್ನೇ ಕಲಿಯಬೇಕು.

ಎರಡನೆಯದು ಪಿಸಿಪಿ (ಪ್ರೀ-ಚಾರ್ಜ್ಡ್ ನ್ಯೂಮ್ಯಾಟಿಕ್), ಅಂದರೆ ಮೊದಲೇ ಗಾಳಿ ತುಂಬಿಟ್ಟ ರೈಫಲ್. ಸಿಲಿಂಡರಿನಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿ ತುಂಬಿರುತ್ತದೆ. ಪ್ರತಿ ಹೊಡೆತಕ್ಕೂ ಅದರಲ್ಲಿ ಸ್ವಲ್ಪ ಬಿಡುಗಡೆಯಾಗುತ್ತದೆ. ಜಿಗಿತ ಇಲ್ಲವೇ ಇಲ್ಲ ಎನ್ನಬಹುದು. ಇಂದು ಸ್ಪರ್ಧೆಗಳಲ್ಲಿ ಕಾಣುವ ಫೈನ್‌ವೆರ್ಕ್‌ಬೌ, ವಾಲ್ಥರ್‌ನಂಥ ಜರ್ಮನ್ ರೈಫಲ್‌ಗಳೆಲ್ಲ ಈ ಬಗೆಯವು, ಬೆಲೆ ಎರಡು ಲಕ್ಷ ರೂಪಾಯಿ ದಾಟುತ್ತದೆ. ಮಹಾರಾಷ್ಟ್ರದ ಪ್ರೆಸಿಹೋಲ್ ಕಂಪನಿ ಸ್ಪ್ರಿಂಗ್ ಮತ್ತು ಪಿಸಿಪಿ ಎರಡನ್ನೂ ಇಲ್ಲಿಯೇ ತಯಾರಿಸುವುದರಿಂದ ಹೊಸಬರಿಗೆ ದಾರಿ ಸುಲಭವಾಗಿದೆ.

ಪಿಸಿಪಿ ಕೊಳ್ಳುವ ಮುನ್ನ ಗಾಳಿ ಎಲ್ಲಿ ತುಂಬಿಸುತ್ತೀರಿ ಎಂದು ಯೋಚಿಸಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತು ಬಾರ್ ಕೊಟ್ಟರೆ ಹೆಚ್ಚು. ಅದಕ್ಕೆಂದೇ ತಯಾರಾದ ಕೈಪಂಪ್ ಬೇಕು, ಅಥವಾ ಮುಳುಗುಗಾರರು ಬಳಸುವ ಗಾಳಿಯ ಸಿಲಿಂಡರ್ ಬೇಕು. ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ: ವೆಲ್ಡಿಂಗ್ ಅಂಗಡಿಯ ಆಮ್ಲಜನಕದ ಸಿಲಿಂಡರಿನಿಂದ ಯಾವತ್ತೂ ತುಂಬಿಸಬೇಡಿ. ಗಣಿ, ಕಾರ್ಖಾನೆಗಳ ಈ ಬಳ್ಳಾರಿ ಜಿಲ್ಲೆಯಲ್ಲಿ ಅಂಥ ಸಿಲಿಂಡರ್ ಬೀದಿಗೊಂದು ಸಿಗುತ್ತದೆ, ಒತ್ತಡವೂ ಸರಿಹೊಂದುವಂತೆ ಕಾಣುತ್ತದೆ. ಆದರೆ ಹೆಚ್ಚಿನ ಒತ್ತಡದ ಆಮ್ಲಜನಕಕ್ಕೆ ರೈಫಲಿನೊಳಗಿನ ಒಂದು ಹನಿ ಎಣ್ಣೆ ಅಥವಾ ಗ್ರೀಸ್ ತಾಗಿದರೆ ಸ್ಫೋಟವಾಗುತ್ತದೆ. ಮುಖದ ಪಕ್ಕದಲ್ಲಿ ಹಿಡಿಯುವ ವಸ್ತು ಅದು.

ಮೂರನೆಯ ದಾರಿಯೊಂದಿದೆ, ನನಗೆ ಬಹಳ ಇಷ್ಟವಾದದ್ದು: ಕ್ರೀಡಾಪಟುಗಳು ಬಳಸಿ ಮಾರುವ ಹಳೆಯ ಸ್ಪರ್ಧಾ ರೈಫಲ್. ಫೈನ್‌ವೆರ್ಕ್‌ಬೌ 300 ಎಸ್ ಎಂಬ, ಪಕ್ಕದ ಸನ್ನೆ (ಲಿವರ್) ಎಳೆದು ಸ್ಪ್ರಿಂಗ್ ಬಿಗಿಮಾಡುವ ರೈಫಲ್ ಸ್ಪ್ರಿಂಗಿನದೇ ಆದರೂ ಅದರ ಯಂತ್ರಭಾಗ ಹಳಿಯ ಮೇಲೆ ಹಿಂದಕ್ಕೆ ಜಾರಿ ಜಿಗಿತವನ್ನು ನುಂಗಿಕೊಳ್ಳುತ್ತದೆ. ದಶಕಗಳ ಹಿಂದಿನದಾದರೂ ಗಾಳಿ ಸೋರದಂತೆ ತಡೆಯುವ ಸೀಲ್ ಬದಲಿಸಿದ್ದರೆ ಈಗಲೂ ಒಂದೇ ತೂತಿನಲ್ಲಿ ಹೊಡೆಯುತ್ತದೆ. ಬಿಲ್ಲು, ಹಿಂದಿನ ಮಾಲೀಕರ ದಾಖಲೆ ಸರಿಯಿದ್ದರೆ ಮಾತ್ರ ಕೊಳ್ಳಿ.

ಅಂಗಡಿಯಲ್ಲಿ ನೋಡಬೇಕಾದದ್ದು

ರೈಫಲ್ ಕೈಗೆ ಬಂದ ಕೂಡಲೇ ಖಾಲಿ ಇದೆಯೇ ಎಂದು ನೋಡಿ, ಆಮೇಲೆ ಕಣ್ಣು ಮುಚ್ಚಿಕೊಂಡು ಹೆಗಲಿಗೆ ತಂದುಕೊಳ್ಳಿ. ಕಣ್ಣು ತೆರೆದಾಗ ಸೈಟ್ ನೇರವಾಗಿ ಕಣ್ಣ ಮುಂದೆಯೇ ಇರಬೇಕು. ಕುತ್ತಿಗೆ ಬಗ್ಗಿಸಿ, ಚಾಚಿ ಹುಡುಕುವಂತಾದರೆ ಬಟ್ಟು (ಹೆಗಲಿಗೂ ಕೆನ್ನೆಗೂ ತಾಗುವ ಹಿಂಭಾಗ) ನಿಮ್ಮ ಅಳತೆಯದಲ್ಲ. ಮೂರರಿಂದ ಮೂರೂವರೆ ಕಿಲೋ ತೂಕ ದೊಡ್ಡವರಿಗೆ ಸರಿ; ಹದಿಮೂರು ಹದಿನಾಲ್ಕರ ಮಕ್ಕಳಿಗೆ ಇನ್ನೂ ಹಗುರವಾದದ್ದು ನೋಡಿ.

ನಳಿಗೆಯನ್ನು ಬಾಗಿಸಿ ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ನೋಡಿ. ಕೀಲಿನಲ್ಲಿ ಕೂದಲೆಳೆಯಷ್ಟು ಸಡಿಲ ಇದ್ದರೂ ಬೇಡ, ಏಕೆಂದರೆ ಹಾಗಿದ್ದರೆ ನಳಿಗೆ ಪ್ರತಿ ಸಲವೂ ಒಂದೇ ಜಾಗಕ್ಕೆ ಬಂದು ಕೂರುವುದಿಲ್ಲ.

ಇನ್ನು ಟ್ರಿಗರ್. ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿ. ಒಳ್ಳೆಯ ಟ್ರಿಗರಿಗೆ ಎರಡು ಹಂತಗಳಿರುತ್ತವೆ. ಬೆರಳಿನ ಮೊದಲ ಗೆಣ್ಣಿನ ಮೆತ್ತೆ ತಾಗಿಸಿ ಹಿಂದಕ್ಕೆ ತಂದರೆ ಕೆಲವು ಮಿಲಿಮೀಟರ್ ಹಗುರವಾಗಿ ಬರುತ್ತದೆ, ಆಮೇಲೆ ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಆ ಗೋಡೆಯ ಹತ್ತಿರ ನೀವು ಬೇಕಾದಷ್ಟು ಹೊತ್ತು ಕಾಯಬಹುದು. ಅಲ್ಲಿಂದ ಸ್ವಲ್ಪವೇ ಹೆಚ್ಚು ಒತ್ತಿದರೆ ತೆಳುವಾದ ಗಾಜಿನ ಕಡ್ಡಿ ಮುರಿದಂತೆ ಥಟ್ಟನೆ ಬಿಡುತ್ತದೆ. ಕೆಟ್ಟ ಟ್ರಿಗರ್ ಹಾಗಲ್ಲ. ತುಕ್ಕು ಹಿಡಿದ ಚಿಲಕದಂತೆ ಕರಕರ ಎಂದು ಎಳೆಯುತ್ತ ಎಳೆಯುತ್ತ ಎಲ್ಲೋ ಒಂದು ಕಡೆ ಬಿಡುತ್ತದೆ. ಎಲ್ಲಿ ಬಿಡುತ್ತದೆಂದು ನಿಮಗೂ ಗೊತ್ತಿರುವುದಿಲ್ಲ, ಅದಕ್ಕೂ ಗೊತ್ತಿರುವುದಿಲ್ಲ. ದುಡ್ಡು ಕಡಿಮೆಯಿದ್ದರೆ ಮರದ ಬಟ್ಟು ಬಿಡಿ, ಟೆಲಿಸ್ಕೋಪ್ ಬಿಡಿ, ಟ್ರಿಗರಿನಲ್ಲಿ ಮಾತ್ರ ರಾಜಿಯಾಗಬೇಡಿ. ಸ್ಪ್ರಿಂಗ್ ರೈಫಲ್ಲನ್ನು ಪೆಲೆಟ್ ಇಲ್ಲದೆ ಹೊಡೆದು ಪರೀಕ್ಷಿಸಬಾರದು ಎನ್ನುವುದೂ ನೆನಪಿರಲಿ. ಎದುರಿಗೆ ಪೆಲೆಟ್ಟಿನ ತಡೆ ಇಲ್ಲದಿದ್ದರೆ ಪಿಸ್ಟನ್ ಸೀದಾ ಹೋಗಿ ಕೊನೆಯ ಗೋಡೆಗೆ ಬಡಿಯುತ್ತದೆ, ಸೀಲ್ ಹಾಳಾಗುತ್ತದೆ.

ಸಾಧ್ಯವಾದರೆ ಅಂಗಡಿಯವರ ಬಳಿ ಹತ್ತು ಮೀಟರ್ ದೂರಕ್ಕೆ ಐದು ಹೊಡೆತ ಹೊಡೆಸಿಕೊಳ್ಳಿ. ಆಸರೆ ಕೊಟ್ಟು ಹೊಡೆದಾಗ ಒಳ್ಳೆಯ ಸ್ಪ್ರಿಂಗ್ ರೈಫಲ್ ಐದನ್ನೂ ಒಂದು ರೂಪಾಯಿ ನಾಣ್ಯದೊಳಗೆ ಇಡಬೇಕು. ಸ್ಪರ್ಧಾ ರೈಫಲ್ ಆದರೆ ಒಂದು ಕಡಲೆಕಾಳು ಮುಚ್ಚುವಷ್ಟು ತೂತಿನಲ್ಲಿ ಇಡುತ್ತದೆ. ಆ ಐದು ತೂತುಗಳ ಗುಂಪು ವೃತ್ತದ ನಡುವೆ ಇಲ್ಲದಿದ್ದರೂ ಚಿಂತೆಯಿಲ್ಲ, ಸೈಟ್ ತಿರುಗಿಸಿ ಸರಿಮಾಡಬಹುದು. ಗುಂಪೇ ಇಲ್ಲದಿದ್ದರೆ ಸರಿಮಾಡಲು ಏನೂ ಉಳಿಯುವುದಿಲ್ಲ.

ಸೈಟ್ ವಿಷಯದಲ್ಲಿ ನನ್ನ ಸಲಹೆ ಪೀಪ್ ಸೈಟ್, ಅಂದರೆ ಹಿಂದೆ ಸಣ್ಣ ರಂಧ್ರ, ಮುಂದೆ ಒಂದು ಉಂಗುರ ಇರುವಂಥದ್ದು. ಟೆಲಿಸ್ಕೋಪ್ ಹತ್ತು ಮೀಟರ್ ಸ್ಪರ್ಧೆಯಲ್ಲಿ ನಡೆಯುವುದಿಲ್ಲ. ಸ್ಪ್ರಿಂಗ್ ರೈಫಲಿನ ಹಿಂದೆಮುಂದೆ ಜಿಗಿತಕ್ಕೆ ಸಾಧಾರಣ ಟೆಲಿಸ್ಕೋಪುಗಳು ಕೆಲವು ನೂರು ಹೊಡೆತದಲ್ಲಿ ಕೆಡುತ್ತವೆ ಕೂಡ.

ಪೆಲೆಟ್

ಕಾಗದಕ್ಕೆ ಚಪ್ಪಟೆ ಮೂತಿಯ ಪೆಲೆಟ್ ಬೇಕು. ಅದು ಕಾಗದವನ್ನು ಪಂಚ್ ಮಾಡಿದಂತೆ ದುಂಡಗೆ ಕತ್ತರಿಸುವುದರಿಂದ ಅಂಕ ಓದುವುದು ಸುಲಭ. ದುಂಡು ಮೂತಿಯದು ದೂರಕ್ಕೆ ಸರಿ, ಹತ್ತು ಮೀಟರಿನಲ್ಲಿ ಕಾಗದ ಹರಿಯುತ್ತದೆ. ಎರಡು ಮೂರು ಕಂಪನಿಗಳ ಡಬ್ಬಿ ತಂದು ನಿಮ್ಮ ರೈಫಲ್ ಯಾವುದನ್ನು ಒಪ್ಪುತ್ತದೆ ಎಂದು ನೋಡಿ. ಒಂದೇ ಮಾದರಿಯ ಎರಡು ರೈಫಲ್‌ಗಳ ರುಚಿಯೂ ಬೇರೆ ಬೇರೆ ಇರುತ್ತದೆ. ಹಾಕುವ ಮುನ್ನ ಪ್ರತಿ ಪೆಲೆಟ್ಟಿನ ಹಿಂಭಾಗದ ಅಂಚನ್ನು ನೋಡಿ, ಜಜ್ಜಿದ್ದರೆ ಪಕ್ಕಕ್ಕಿಡಿ.

ಪೆಲೆಟ್ ಸೀಸದ್ದು, ಸೀಸ ವಿಷ. ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಬೇಡ, ಹೊಡೆಯುತ್ತ ಮಂಡಕ್ಕಿ ತಿನ್ನುವುದೂ ಬೇಡ. ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ. ಮಕ್ಕಳ ಕೈಗೆ ಡಬ್ಬಿ ಸಿಗದಿರಲಿ.

ಜಾಗ: ಬಂಡೆಗೆ ಹೊಡೆಯಬೇಡಿ

ನಮ್ಮ ನೆಲದಲ್ಲಿ ಎತ್ತ ನೋಡಿದರೂ ಬಂಡೆ. ಹೊಲದ ಬದುವಿನಲ್ಲಿ ಆನೆಯಷ್ಟು ದೊಡ್ಡ ಗುಂಡುಕಲ್ಲು ಕಂಡಾಗ ಇದಕ್ಕಿಂತ ಒಳ್ಳೆಯ ಹಿನ್ನೆಲೆ ಯಾವುದು ಎಂದು ಯಾರಿಗಾದರೂ ಅನ್ನಿಸುತ್ತದೆ. ಕುರುಗೋಡು ಕಡೆಯ ಸಂಬಂಧಿಕರ ಹೊಲದಲ್ಲಿ ನಾನೂ ಹಾಗೆಯೇ ಬಂಡೆಗೆ ಕಾಗದ ಒರಗಿಸಿ ಹೊಡೆದೆ. ಮೂರನೆಯ ಹೊಡೆತಕ್ಕೆ ನನ್ನ ಬಲಗಡೆ, ಒಂದು ಮಾರು ದೂರದಲ್ಲಿ ಇಟ್ಟಿದ್ದ ಸ್ಟೀಲ್ ತಂಬಿಗೆ ‘ಠಣ್’ ಎಂದಿತು. ಎತ್ತಿ ನೋಡಿದರೆ ಹೊಟ್ಟೆಯ ಮೇಲೆ ಹೆಸರುಕಾಳಿನಷ್ಟು ತಗ್ಗು, ಕೆಳಗೆ ಮಣ್ಣಿನಲ್ಲಿ ಬಿಲ್ಲೆಯಂತೆ ಚಪ್ಪಟೆಯಾದ ಸೀಸ. ಆ ತಂಬಿಗೆಯ ಪಕ್ಕದಲ್ಲಿ ಸ್ವಲ್ಪ ಹೊತ್ತಿನ ಮುಂಚೆ ಹತ್ತು ವರ್ಷದ ಹುಡುಗ ಕೂತಿದ್ದ. ಅಂದಿನಿಂದ ಕಣ್ಣಿಗೆ ಕನ್ನಡಕ ಇಲ್ಲದೆ ನಾನು ಹೊಡೆದಿಲ್ಲ, ನನ್ನ ಪಕ್ಕದಲ್ಲಿ ಯಾರನ್ನೂ ಕನ್ನಡಕ ಇಲ್ಲದೆ ನಿಲ್ಲಲು ಬಿಟ್ಟಿಲ್ಲ. ಗ್ರಾನೈಟ್, ಕಡಪ ಕಲ್ಲು, ಸಿಮೆಂಟ್ ಗೋಡೆ, ಒಣಗಿದ ಜಾಲಿ ಮರ, ಎಲ್ಲವೂ ಪೆಲೆಟ್ಟನ್ನು ತಿರುಗಿ ಕಳಿಸುತ್ತವೆ.

ಪೆಲೆಟ್ಟನ್ನು ನುಂಗುವ ಪೆಟ್ಟಿಗೆಯನ್ನು ಬಳ್ಳಾರಿಯಲ್ಲಿ ಮಾಡಿಕೊಳ್ಳುವಷ್ಟು ಸುಲಭವಾಗಿ ಬೇರೆಲ್ಲೂ ಮಾಡಿಕೊಳ್ಳಲಾಗದು, ಏಕೆಂದರೆ ಇದು ಜೀನ್ಸ್ ಹೊಲಿಯುವ ಊರು. ಯಾವುದಾದರೂ ಹೊಲಿಗೆ ಘಟಕದವರನ್ನು ಕೇಳಿದರೆ ಕತ್ತರಿಸಿ ಉಳಿದ ದಪ್ಪ ಬಟ್ಟೆಯ ಚೂರುಗಳು ಚೀಲಗಟ್ಟಲೆ ಸಿಗುತ್ತವೆ. ಒಂದೂವರೆ ಅಡಿ ಚೌಕದ, ಒಂದಡಿ ಆಳದ ಪ್ಲೈವುಡ್ ಪೆಟ್ಟಿಗೆ ಮಾಡಿಸಿ. ಹಿಂಬದಿಗೆ ಒಳಗಿನಿಂದ 3 ಮಿ.ಮೀ. ಕಬ್ಬಿಣದ ತಗಡು ಹಾಕಿಸಿ. ಮುಂಬದಿಗೆ ದಪ್ಪ ರಟ್ಟು. ಒಳಗೆ ಆ ಚೂರುಗಳನ್ನು ಕಾಲಿನಿಂದ ತುಳಿದು ಬಿಗಿಯಾಗಿ ತುಂಬಿಸಿ. ನೂರಿನ್ನೂರು ಹೊಡೆತಕ್ಕೊಮ್ಮೆ ತೆರೆದು ನೋಡಿ: ಗುರಿ ಸುಧಾರಿಸಿದಂತೆಲ್ಲ ಪೆಲೆಟ್ಟುಗಳು ಒಂದೇ ಜಾಗಕ್ಕೆ ಬಿದ್ದು ಬಟ್ಟೆಯಲ್ಲಿ ಸುರಂಗ ಕೊರೆಯುತ್ತವೆ. ಚೂರುಗಳನ್ನು ಕಲೆಸಿ ಮತ್ತೆ ತುಂಬಿಸಿ, ಸೀಸವನ್ನು ಬೇರೆ ಡಬ್ಬಿಗೆ ಹಾಕಿ.

ಅಂತರವನ್ನು ಟೇಪ್ ಹಿಡಿದು ಅಳೆಯಿರಿ: ಹೊಡೆಯುವವರು ನಿಲ್ಲುವ ಗೆರೆಯಿಂದ ಕಾಗದದ ಮುಖಕ್ಕೆ ಸರಿಯಾಗಿ 10 ಮೀಟರ್, ನೆಲದಿಂದ ಗುರಿಯ ನಡುವಿಗೆ 1.4 ಮೀಟರ್. ಪಡಸಾಲೆಯಿಂದ ಹಿತ್ತಲ ಬಾಗಿಲವರೆಗೆ ಇಷ್ಟು ಉದ್ದ ಸಿಗುವ ಹಳೆಯ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಮಧ್ಯೆ ಬಾಗಿಲುಗಳಿದ್ದರೆ ಎಲ್ಲಕ್ಕೂ ಚಿಲಕ ಹಾಕಿ. ಯಾರಾದರೂ ಅಡ್ಡ ಬಂದಾರು. ಮಾಳಿಗೆಯ ಮೇಲೆ ಹೊಡೆಯುವುದಾದರೆ ಪೆಟ್ಟಿಗೆಯ ಹಿಂದೆ ಆಳೆತ್ತರದ ಗೋಡೆ ಇರಲೇಬೇಕು, ಏಕೆಂದರೆ ತಪ್ಪಿದ ಪೆಲೆಟ್ ಮುನ್ನೂರು ಮೀಟರಿನವರೆಗೂ ಹೋಗಬಹುದು. ಆ ದೂರದಲ್ಲಿ ನಿಮಗೆ ಕಾಣದ ಇನ್ನೊಬ್ಬರ ಮಾಳಿಗೆ ಇರುತ್ತದೆ. ಅಕ್ಕಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಕರೆದು ಪೆಟ್ಟಿಗೆ ತೋರಿಸಿ.

ಹೊಡೆಯುವುದು

ಮೊದಲು ನಿಮ್ಮ ಬಲವಾದ ಕಣ್ಣು ಯಾವುದೆಂದು ತಿಳಿಯಿರಿ. ಎರಡೂ ಕೈ ಚಾಚಿ, ಅಂಗೈಗಳನ್ನು ಸೇರಿಸಿ ನಡುವೆ ಸಣ್ಣ ಕಿಂಡಿ ಬಿಟ್ಟು, ದೂರದ ವಿದ್ಯುತ್ ಕಂಬವನ್ನು ಅದರೊಳಗಿಂದ ನೋಡಿ. ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ಕಂಬ ಕಿಂಡಿಯಲ್ಲೇ ಉಳಿಯುತ್ತದೋ ಅದು ಗುರಿಯ ಕಣ್ಣು. ಆ ಕಡೆಯ ಹೆಗಲಿಗೆ ರೈಫಲ್ ಇಡುವುದು ಒಳ್ಳೆಯದು.

ಮೊದಲ ಎರಡು ವಾರ ಕೂತು, ಆಸರೆ ಕೊಟ್ಟೇ ಹೊಡೆಯಿರಿ. ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಒಂದು ತುದಿ ಹೊಲಿದು, ಮುಕ್ಕಾಲು ಪಾಲು ಉಸುಕು ತುಂಬಿ ಇನ್ನೊಂದು ತುದಿ ಕಟ್ಟಿದರೆ ಒಳ್ಳೆಯ ದಿಂಬಾಗುತ್ತದೆ. ಸ್ಪ್ರಿಂಗ್ ರೈಫಲ್ಲನ್ನು ನೇರವಾಗಿ ದಿಂಬಿನ ಮೇಲೆ ಇಡಬಾರದು: ದಿಂಬಿನ ಮೇಲೆ ಎಡ ಅಂಗೈ, ಅಂಗೈಯ ಮೇಲೆ ರೈಫಲ್. ಬೆರಳುಗಳಿಂದ ಬಿಗಿಯಾಗಿ ಹಿಡಿಯಬೇಡಿ. ಹಾಲು ತುಂಬಿದ ತಂಬಿಗೆಯನ್ನು ಅಂಗೈ ಮೇಲೆ ಇಟ್ಟುಕೊಂಡಂತೆ ಇರಲಿ. ಅದು ಜಿಗಿಯಲಿ, ಆದರೆ ಪ್ರತಿ ಸಲವೂ ಒಂದೇ ರೀತಿ ಜಿಗಿಯಲಿ. ಬಿಗಿಹಿಡಿದವರ ಗುಂಪು ಚದುರುವುದು ಇದೇ ಕಾರಣಕ್ಕೆ.

ನಳಿಗೆ ಬಾಗಿಸಿ ಪೆಲೆಟ್ ಹಾಕುವಾಗ ಇನ್ನೊಂದು ಕೈ ನಳಿಗೆಯನ್ನು ಬಿಡಬಾರದು. ಒಳಗಿನ ಕೊಕ್ಕೆ ಜಾರಿದರೆ ನಳಿಗೆ ಥಟ್ಟನೆ ಮೇಲೆ ಬಂದು ಬೆರಳು ಕತ್ತರಿಸುತ್ತದೆ. ಗುರಿ ಹಿಡಿಯುವವರೆಗೂ ಟ್ರಿಗರಿನ ಮೇಲೆ ಬೆರಳು ಬೇಡ.

ಗುರಿಯ ಕಾಗದದಲ್ಲಿ ಕಪ್ಪು ಭಾಗದ ವ್ಯಾಸ 30.5 ಮಿ.ಮೀ., ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಆ ಚುಕ್ಕೆ ನಿಂತಲ್ಲಿಂದ ಕಾಣುವುದೇ ಇಲ್ಲ. ಅದನ್ನು ಹುಡುಕುವುದೂ ಬೇಡ. ಮುಂದಿನ ಉಂಗುರದೊಳಗೆ ಕಪ್ಪು ವೃತ್ತ ನಡುವೆ ಕೂತು, ಸುತ್ತಲೂ ಬಿಳಿ ಅಂಚು ಸಮನಾಗಿ ಕಂಡರೆ ಸಾಕು. ಕಣ್ಣಿನ ದೃಷ್ಟಿ ಉಂಗುರದ ಮೇಲೆ ನೆಟ್ಟಿರಲಿ, ವೃತ್ತ ಸ್ವಲ್ಪ ಮಸುಕಾಗಿ ಕಂಡರೂ ಸರಿ.

ಉಸಿರು ಎಳೆದು ಅರ್ಧ ಬಿಟ್ಟು ನಿಲ್ಲಿಸಿ. ಟ್ರಿಗರಿನ ಮೊದಲ ಹಂತ ತೆಗೆದು ಗೋಡೆಗೆ ತಾಗಿಸಿ. ವೃತ್ತ ಉಂಗುರದೊಳಗೆ ತೇಲುತ್ತಿರುವಾಗಲೇ ಒತ್ತಡವನ್ನು ನಿಧಾನ ಹೆಚ್ಚಿಸಿ. ಎಂಟು ಸೆಕೆಂಡಿನೊಳಗೆ ಬಿಡದಿದ್ದರೆ ರೈಫಲ್ ಇಳಿಸಿ, ಎರಡು ಸಲ ಉಸಿರಾಡಿ, ಮತ್ತೆ ಮೊದಲಿನಿಂದ ಶುರುಮಾಡಿ. ಹೀಗೆ ಇಳಿಸಲು ಮನಸ್ಸು ಒಪ್ಪುವುದಿಲ್ಲ, ಇಷ್ಟು ಹಿಡಿದಿದ್ದೇನೆ ಹೊಡೆದೇಬಿಡೋಣ ಅನ್ನಿಸುತ್ತದೆ. ಹಾಗೆ ಹೊಡೆದದ್ದು ಆರೋ ಏಳೋ ಆಗಿರುತ್ತದೆ. ಪೆಲೆಟ್ ಹೋದ ಮೇಲೂ ಒಂದೆರಡು ಸೆಕೆಂಡು ಹಾಗೆಯೇ ನೋಡುತ್ತಿರಿ, ತಲೆ ಎತ್ತಬೇಡಿ. ಕಾಗದ ನೋಡುವ ಮುಂಚೆ ‘ಬಲಕ್ಕೆ, ಒಂಬತ್ತು’ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ನೋಡಿ. ಹೇಳಿದ್ದೂ ಬಿದ್ದದ್ದೂ ಒಂದೇ ಆಗತೊಡಗಿದ ದಿನ ನಿಮ್ಮ ಕಣ್ಣು ಪಳಗಿತು ಎಂದು ತಿಳಿಯಿರಿ.

ಒಂದೊಂದು ಹೊಡೆತಕ್ಕೂ ಸೈಟ್ ತಿರುಗಿಸಬೇಡಿ. ಐದು ಹೊಡೆದು ಗುಂಪಿನ ನಡು ಎಲ್ಲಿದೆ ನೋಡಿ. ಗುಂಪು ಎಡಕ್ಕಿದ್ದರೆ ಹಿಂದಿನ ಸೈಟನ್ನು ಬಲಕ್ಕೆ, ಕೆಳಗಿದ್ದರೆ ಮೇಲಕ್ಕೆ: ಪೆಲೆಟ್ ಎತ್ತ ಹೋಗಬೇಕೋ ಹಿಂದಿನ ಸೈಟ್ ಅತ್ತ.

ಗುಂಪು ಚಿಕ್ಕದಾದ ಮೇಲೆ ಎದ್ದು ನಿಲ್ಲಿ. ಬಲಗೈಯವರು ಎಡಪಕ್ಕೆಯನ್ನು ಗುರಿಗೆ ತೋರಿಸಿ, ಪಾದಗಳನ್ನು ಹೆಗಲಗಲಕ್ಕೆ ಇಟ್ಟು, ಎಡ ಮೊಣಕೈಯನ್ನು ಸೊಂಟದ ಎಲುಬಿನ ಮೇಲೆ ಊರಬೇಕು. ರೈಫಲಿನ ಭಾರವನ್ನು ಎಲುಬು ಹೊರಬೇಕು, ಸ್ನಾಯು ಅಲ್ಲ. ಈಗ ಕಣ್ಣು ಮುಚ್ಚಿ ಎರಡು ಸಲ ಉಸಿರಾಡಿ ತೆರೆಯಿರಿ. ರೈಫಲ್ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಎಳೆದು ತರಬೇಡಿ. ಹಿಂದಿನ ಪಾದವನ್ನು ಒಂದಿಷ್ಟು ಸರಿಸಿ. ದೇಹ ತಾನಾಗಿಯೇ ಗುರಿಯತ್ತ ತಿರುಗಿರಬೇಕು. ನಿಂತು ಹೊಡೆದ ಮೊದಲ ದಿನ ಪೆಲೆಟ್ಟುಗಳು ಕಾಗದದ ಮೂಲೆ ಮೂಲೆಗೆ ಹೋಗುತ್ತವೆ, ಎಲ್ಲರಿಗೂ ಹಾಗೆಯೇ ಆಗುತ್ತದೆ. ದಿನಕ್ಕೆ ನಲವತ್ತು ಹೊಡೆತ ಸಾಕು. ನಮ್ಮ ಬೇಸಿಗೆಯಲ್ಲಿ ಬೆಳಗಿನ ಆರರಿಂದ ಎಂಟರೊಳಗೆ ಮುಗಿಸಿ. ಆಮೇಲೆ ಬೆವರು ಹುಬ್ಬು ದಾಟಿ ಕಣ್ಣಿಗಿಳಿಯುತ್ತದೆ, ಕೆನ್ನೆ ಬಟ್ಟಿನ ಮೇಲೆ ಜಾರುತ್ತದೆ.

ಆರೈಕೆ

ಕಡಿಮೆ ಎಣ್ಣೆ, ಹೆಚ್ಚು ಬಟ್ಟೆ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಯಾವುದನ್ನೂ ಗಾಳಿ ಅದುಮುವ ಕೋಣೆಗೆ ಬಿಡಬೇಡಿ. ಪಿಸ್ಟನ್ ಗಾಳಿಯನ್ನು ಅದುಮಿದಾಗ ಹುಟ್ಟುವ ಶಾಖಕ್ಕೆ ಅದು ಡೀಸೆಲ್ ಎಂಜಿನ್ನಿನಂತೆ ಹೊತ್ತಿಕೊಂಡು ಪಟಾಕಿಯಂತೆ ಸದ್ದು ಮಾಡುತ್ತದೆ, ಹೊಗೆ ಬರುತ್ತದೆ, ಸೀಲೂ ಸ್ಪ್ರಿಂಗೂ ಹಾಳು. ಹೊರಗಿನ ಉಕ್ಕಿಗೆ ಬೆರಳಚ್ಚು ಉಳಿಯದಂತೆ ತೆಳುವಾಗಿ ಎಣ್ಣೆ ಸವರಿದ ಬಟ್ಟೆಯಿಂದ ಒರೆಸಿದರೆ ಆಯಿತು. ನಳಿಗೆಯೊಳಕ್ಕೆ ಕಬ್ಬಿಣದ ಕಡ್ಡಿ ತೂರಿಸಬೇಡಿ. ಕೆಲವು ನೂರು ಹೊಡೆತಕ್ಕೊಮ್ಮೆ ಮೀನಿನ ಗಾಳದ ದಾರಕ್ಕೆ ಬಟ್ಟೆಯ ತುಂಡು ಕಟ್ಟಿ, ಹಿಂದಿನಿಂದ ಮುಂದಕ್ಕೆ ಎಳೆಯಿರಿ. ಸ್ಪ್ರಿಂಗ್ ಎಳೆದಿಟ್ಟು ಊಟಕ್ಕೆ ಹೋಗುವುದು, ಏಪ್ರಿಲ್ ತಿಂಗಳ ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿ ರೈಫಲ್ ಬಿಡುವುದು, ಎರಡೂ ಬೇಡ. ರೈಫಲ್ ಒಂದು ಬೀರುವಿನಲ್ಲಿ, ಪೆಲೆಟ್ ಇನ್ನೊಂದರಲ್ಲಿ, ಎರಡಕ್ಕೂ ಬೀಗ.

ಸ್ಪರ್ಧೆಗೆ ಹೋಗುವವರಿಗೆ

ನಿಂತು ಹೊಡೆದಾಗ ಹತ್ತರಲ್ಲಿ ಎಂಟು ಪೆಲೆಟ್ ಕಪ್ಪು ವೃತ್ತದೊಳಗೆ ಬೀಳತೊಡಗಿದರೆ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ಸ್ಪರ್ಧೆಗಳ ಬಗ್ಗೆ ವಿಚಾರಿಸಿ. ದುಬಾರಿ ರೈಫಲ್ ಇಲ್ಲ ಎಂದು ಹಿಂಜರಿಯಬೇಡಿ; ನಮ್ಮ ದೇಶದ ನಿಯಮಗಳಲ್ಲಿ ಸಾದಾ ಓಪನ್ ಸೈಟ್ (ಹಿಂದೆ ರಂಧ್ರದ ಬದಲು ಸೀಳು ಇರುವ ಸೈಟ್) ಏರ್ ರೈಫಲ್ಲಿಗೆ ಪ್ರತ್ಯೇಕ ವಿಭಾಗವೇ ಇದೆ. ಕಾಲೇಜು ಮಕ್ಕಳು ಎನ್‌ಸಿಸಿ ಸೇರಿದರೆ ಬಂದೂಕಿನ ಶಿಸ್ತು ಅಲ್ಲಿಯೇ ರೂಢಿಯಾಗುತ್ತದೆ, ನಾನು ಕಲಿತದ್ದೂ ಅಲ್ಲಿಯೇ. ಒಲಿಂಪಿಕ್ ಮಾದರಿಯ ಹತ್ತು ಮೀಟರ್ ಸ್ಪರ್ಧೆಯಲ್ಲಿ ಮೊದಲು 15 ನಿಮಿಷ ತಯಾರಿ ಮತ್ತು ಪರೀಕ್ಷಾ ಹೊಡೆತಕ್ಕೆ, ಆಮೇಲೆ ಎಲೆಕ್ಟ್ರಾನಿಕ್ ಗುರಿಯಾದರೆ 75 ನಿಮಿಷದಲ್ಲಿ 60 ಹೊಡೆತ. ಒಂದಕ್ಕೆ ಒಂದೂಕಾಲು ನಿಮಿಷ ಸಿಗುತ್ತದೆ. ಹೋಗುವ ಮುನ್ನ ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಅರವತ್ತನ್ನೂ ಒಮ್ಮೆ ಪೂರ್ತಿ ಹೊಡೆದು ನೋಡಿ. ನಲವತ್ತರ ನಂತರ ಕಾಲು ಏನು ಹೇಳುತ್ತದೆ ಎನ್ನುವುದು ಅಲ್ಲಿಗೆ ಹೋದ ಮೇಲೆ ತಿಳಿಯುವಂತಾಗಬಾರದು.